ಅಹಂಕಾರವೋ ಆತ್ಮತಿರಸ್ಕಾರವೋ? ವ್ಯಕ್ತಿತ್ವ ಸಿದ್ಧಾಂತಗಳೂ ಪಾಪದ ಬೋಧನೆಯೂ

ಸಭಾಪಾಲಕರು ಪ್ರಸಂಗಪೀಠದಲ್ಲಿ ನಿಂತು ಮಾತನಾಡುವಾಗಲೂ ಸಭಿಕರೊಬ್ಬರ ಮನೆಯ ಜಗಲಿಯಲ್ಲಿ ಕುಳಿತು ಅವರ ಸಂಕಟವನ್ನು ಆಲಿಸುವಾಗಲೂ, ಮನುಷ್ಯನೆಂದರೆ ಯಾರು, ಅವನಿಗೆ ತಗಲಿರುವ ಬೇನೆ ಯಾವುದು ಎಂಬ ಒಂದು ಕಲ್ಪನೆ ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಆ ಕಲ್ಪನೆಯ ಒಂದು ಪಾಲು ಸತ್ಯವೇದದಿಂದಲೂ ಸಭೆಯ ಬೋಧನೆಯಿಂದಲೂ ಬಂದಿರುತ್ತದೆ. ಇನ್ನೊಂದು ಪಾಲು, ಅವರಿಗೆ ತಿಳಿದೋ ತಿಳಿಯದೆಯೋ, ಕಳೆದ ಶತಮಾನದ ಮನಶ್ಶಾಸ್ತ್ರದಿಂದ ಬಂದಿರುತ್ತದೆ. ‘ಅವನಿಗೆ ಕೀಳರಿಮೆ’, ‘ಅವಳದು ಅಂತರ್ಮುಖಿ ಸ್ವಭಾವ’, ‘ಅವರ ಈಗೋಗೆ ಪೆಟ್ಟು ಬಿತ್ತು’ ಎಂದು ನಾವು ದಿನವೂ ಆಡುವ ಮಾತುಗಳಲ್ಲಿ ಆಡ್ಲರ್, ಯೂಂಗ್, ಫ್ರಾಯ್ಡ್ ಇವರು ಹೆಸರಿಲ್ಲದೆ ಕುಳಿತಿದ್ದಾರೆ.

ವ್ಯಕ್ತಿತ್ವವನ್ನು ಕುರಿತ ಪ್ರಮುಖ ಸಿದ್ಧಾಂತಗಳನ್ನು ಪಠ್ಯಪುಸ್ತಕದ ರೀತಿಯಲ್ಲಿ ಒಂದೊಂದಾಗಿ ಒಪ್ಪಿಸುವುದು ಈ ಲೇಖನದ ಉದ್ದೇಶವಲ್ಲ. ಒಂದೇ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಾವು ಅವುಗಳ ಬಳಿಗೆ ಹೋಗುತ್ತೇವೆ. ಮನುಷ್ಯನ ಮೂಲ ಬೇನೆ ತನ್ನನ್ನು ತಾನು ಅತಿಯಾಗಿ ಎಣಿಸಿಕೊಳ್ಳುವುದೋ, ತನ್ನನ್ನು ತಾನು ಹೀನನೆಂದು ತಿಳಿದುಕೊಳ್ಳುವುದೋ? ಈ ಪ್ರಶ್ನೆಗೆ ನಾವು ಕೊಡುವ ಉತ್ತರವನ್ನು ಅನುಸರಿಸಿ ನಮ್ಮ ಪ್ರಸಂಗ, ನಮ್ಮ ಪಾಪನಿವೇದನೆಯ ಪ್ರಾರ್ಥನೆ, ನಮ್ಮ ಆಪ್ತಸಲಹೆ ಮೂರೂ ಬದಲಾಗುತ್ತವೆ. ತಪ್ಪಾದ ರೋಗಿಗೆ ಕೊಟ್ಟ ಒಳ್ಳೆಯ ಔಷಧವೂ ವಿಷವಾಗಬಹುದು.

ಒಂದು ಪದದ ಚರಿತ್ರೆ

ವ್ಯಕ್ತಿತ್ವ ಎಂಬುದಕ್ಕೆ ಪಾಶ್ಚಾತ್ಯರು ಬಳಸುವ ಪದದ ಮೂಲದಲ್ಲಿ ‘ಪೆರ್ಸೋನ’ ಎಂಬ ಲ್ಯಾಟಿನ್ ಶಬ್ದವಿದೆ. ರಂಗದ ಮೇಲೆ ನಟನು ಧರಿಸುತ್ತಿದ್ದ ಮುಖವಾಡಕ್ಕೆ ಆ ಹೆಸರಿತ್ತು. ತೆರ್ತುಲ್ಲಿಯನನು ತ್ರಿಯೇಕ ದೇವರನ್ನು ಕುರಿತು ಬರೆಯುವಾಗ ಇದೇ ಶಬ್ದವನ್ನು ಎತ್ತಿಕೊಂಡನು. ಮುಂದೆ ಬೋಯೆತಿಯಸನು ವಿವೇಕವುಳ್ಳ ಸ್ವಭಾವದ ಪ್ರತ್ಯೇಕ ಸತ್ವವೆಂದು ಅದಕ್ಕೆ ಲಕ್ಷಣ ಹೇಳಿದನು. ಹೀಗೆ ಮುಖವಾಡದ ಹೆಸರು ಮುಖದ ಹೆಸರಾದದ್ದು ದೇವಶಾಸ್ತ್ರದ ಕೈಯಲ್ಲಿಯೇ. ನಮ್ಮ ‘ವ್ಯಕ್ತಿ’ ಎಂಬ ಪದಕ್ಕೆ ಇಂಥ ಸುತ್ತುದಾರಿ ಇಲ್ಲ: ವ್ಯಕ್ತವಾದದ್ದು, ಹೊರಗೆ ತೋರಿಬಂದದ್ದು ಎಂಬುದೇ ಅದರ ಅರ್ಥ. ಆದರೆ ಮನಶ್ಶಾಸ್ತ್ರದ ಬಹುಪಾಲು ಚರ್ಚೆ ವ್ಯಕ್ತವಾಗದೆ ಒಳಗೆ ಉಳಿದದ್ದನ್ನು ಕುರಿತದ್ದು. ಈ ವಿರೋಧವನ್ನು ಓದುಗರು ಮುಂದೆ ಅಲ್ಲಲ್ಲಿ ಕಾಣುವರು.

ನಮ್ಮ ಪ್ರಶ್ನೆಗೆ ಪಾಶ್ಚಾತ್ಯ ಸಭೆಯ ಪ್ರಧಾನ ಪರಂಪರೆ ಕೊಟ್ಟ ಉತ್ತರ ಸ್ಪಷ್ಟವಾಗಿದೆ. ಅಗಸ್ಟೀನನು ‘ದೇವನಗರ’ದ 14ನೆಯ ಪುಸ್ತಕದಲ್ಲಿ ಗರ್ವವೇ ಪಾಪದ ಆರಂಭವೆಂದು ವಾದಿಸಿದನು. ಲೂಥರನು 1515–16ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ ಉಪನ್ಯಾಸ ಮಾಡುತ್ತಾ, ಪಾಪಿಯೆಂದರೆ ತನ್ನೊಳಗೇ ಬಾಗಿಕೊಂಡವನು ಎಂಬ ಚಿತ್ರವನ್ನು ಕೊಟ್ಟನು. 20ನೆಯ ಶತಮಾನದಲ್ಲಿ ರೈನ್‌ಹೋಲ್ಡ್ ನೀಬೂರ್ ಅವರು 1939ರ ಗಿಫರ್ಡ್ ಉಪನ್ಯಾಸಗಳಲ್ಲಿ ಇದೇ ಬೋಧನೆಯನ್ನು ರಾಷ್ಟ್ರಗಳ ಅಹಂಕಾರಕ್ಕೂ ಅಧಿಕಾರದ ಮದಕ್ಕೂ ಅನ್ವಯಿಸಿದರು. ಹಿಟ್ಲರನ ಕಾಲದಲ್ಲಿ ಆ ಮಾತಿಗಿದ್ದ ತೂಕವನ್ನು ವಿವರಿಸಬೇಕಾಗಿಲ್ಲ. ನೀಬೂರ್ ಅವರು ಗರ್ವದ ಜೊತೆಗೆ ಇನ್ನೊಂದು ಪಾಪವನ್ನೂ ಹೆಸರಿಸಿದ್ದರು. ಮನುಷ್ಯನು ತನ್ನ ಸ್ವಾತಂತ್ರ್ಯದ ಭಾರ ತಾಳಲಾರದೆ ಇಂದ್ರಿಯಸುಖದಲ್ಲಿಯೋ ಮತ್ತಾವುದರಲ್ಲಿಯೋ ತನ್ನನ್ನು ಮರೆಯುವುದು. ಆದರೆ ಅವರ ಓದುಗರ ನೆನಪಿನಲ್ಲಿ ಉಳಿದದ್ದು ಗರ್ವವೇ.

ವಿಯೆನ್ನಾದಿಂದ ಬಂದ ಮಾತು

ಸಿಗ್ಮಂಡ್ ಫ್ರಾಯ್ಡ್ ಅವರು 1923ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನಸ್ಸನ್ನು ಮೂರಾಗಿ ವಿಂಗಡಿಸಿದರು. ಬಯಕೆಗಳ ಕುದಿಯುವ ಮೂಲವಾದ ಇಡ್. ಹೊರಗಿನ ವಾಸ್ತವಕ್ಕೂ ಒಳಗಿನ ಬಯಕೆಗೂ ನಡುವೆ ಸಂಧಾನ ನಡೆಸುವ ಈಗೋ. ತಂದೆತಾಯಿಗಳ ಆಜ್ಞೆ, ನಿಷೇಧಗಳು ಒಳಗೆ ನೆಲೆಯೂರಿ ನ್ಯಾಯಾಧಿಪತಿಯಾಗಿ ಕುಳಿತ ಸೂಪರ್ ಈಗೋ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಆಡುಮಾತಿನಲ್ಲಿ ‘ಈಗೋ’ ಎಂದರೆ ಜಂಬ. ಫ್ರಾಯ್ಡ್ ಅವರ ಈಗೋ ಹಾಗಲ್ಲ. ಅದು ಮೂವರು ಯಜಮಾನರಿಗೆ ಏಕಕಾಲದಲ್ಲಿ ಊಳಿಗ ಮಾಡುವ ಬಡಪಾಯಿ. ಬಯಕೆ ಒಂದೆಡೆ ಎಳೆದರೆ ಲೋಕ ಇನ್ನೊಂದೆಡೆ ಎಳೆಯುತ್ತದೆ, ಮೇಲಿನಿಂದ ಸೂಪರ್ ಈಗೋ ಗದರಿಸುತ್ತದೆ. ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡಲಾರದೆ ಬೇಡವಾದದ್ದನ್ನೇ ಮಾಡುತ್ತೇನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ನರಳುವ ಪೌಲನಿಗೆ ಈ ಚಿತ್ರ ತೀರ ಅಪರಿಚಿತವೆನಿಸದು.

ಪಾಲಕೀಯ ಸೇವೆಗೆ ಫ್ರಾಯ್ಡ್ ಅವರಿಂದ ದೊರೆತ ಅತ್ಯಮೂಲ್ಯ ತಿಳಿವು ಸೂಪರ್ ಈಗೋವಿನ ಕ್ರೌರ್ಯವನ್ನು ಕುರಿತದ್ದು. ಅಪರಾಧ ಬೇರೆ, ಅಪರಾಧಭಾವ ಬೇರೆ. ಮಾಡಿದ ತಪ್ಪಿನ ಗಾತ್ರಕ್ಕೂ ಒಳಗಿನ ನ್ಯಾಯಾಧಿಪತಿ ವಿಧಿಸುವ ದಂಡನೆಗೂ ಅನೇಕ ವೇಳೆ ಸಂಬಂಧವೇ ಇರುವುದಿಲ್ಲ. ಸಜ್ಜನನಾದವನೇ ಹೆಚ್ಚು ಕಠಿಣವಾಗಿ ತನ್ನನ್ನು ದಂಡಿಸಿಕೊಳ್ಳುತ್ತಾನೆ, ನಿಜವಾಗಿ ಅನ್ಯಾಯ ಮಾಡಿದವನು ನಿಶ್ಚಿಂತನಾಗಿ ನಿದ್ರಿಸುತ್ತಾನೆ. ಒಳಗಿನ ಈ ದನಿಯನ್ನು ದೇವರ ದನಿಯೆಂದು ಭಾವಿಸಿ ಬದುಕನ್ನೇ ಸವೆಸಿದವರು ನಮ್ಮ ಸಭೆಗಳಲ್ಲಿ ಕಡಿಮೆಯೇನಿಲ್ಲ. ಮನಸ್ಸಾಕ್ಷಿಯು ದೇವರ ವರವೆಂಬುದು ನಮ್ಮ ನಂಬಿಕೆ. ಆದರೆ ಪ್ರತಿಯೊಂದು ಗದರಿಕೆಯೂ ಮನಸ್ಸಾಕ್ಷಿಯದೆಂದು ನಂಬಬೇಕಾಗಿಲ್ಲ.

ಧರ್ಮವನ್ನು ಕುರಿತು ಫ್ರಾಯ್ಡ್ ಅವರಿಗಿದ್ದ ಅಭಿಪ್ರಾಯ ಎಲ್ಲರಿಗೂ ತಿಳಿದದ್ದೇ. 1927ರಲ್ಲಿ ಅವರು ಅದನ್ನು ಒಂದು ಭ್ರಮೆಯ ಭವಿಷ್ಯವೆಂಬ ಹೆಸರಿನಲ್ಲಿ ಬರೆದರೆ, ಜೂರಿಚ್ಚಿನ ಸಭಾಪಾಲಕರಾಗಿದ್ದ ಓಸ್ಕರ್ ಫಿಸ್ಟರ್ ಅವರು ಮರುವರ್ಷವೇ ಆ ಶೀರ್ಷಿಕೆಯನ್ನು ತಿರುಗುಮುರುಗು ಮಾಡಿ, ‘ಒಂದು ಭವಿಷ್ಯದ ಭ್ರಮೆ’ ಎಂಬ ಉತ್ತರ ಕೊಟ್ಟರು. ಇವರಿಬ್ಬರ ಪತ್ರವ್ಯವಹಾರ 1909ರಲ್ಲಿ ತೊಡಗಿ ಫ್ರಾಯ್ಡ್ ಅವರ ಕಡೆಯ ವರ್ಷಗಳವರೆಗೆ ನಡೆಯಿತು. ವಾದ ಸ್ನೇಹವನ್ನು ಕೆಡಿಸಲಿಲ್ಲ. ಮನೋವಿಶ್ಲೇಷಣೆಯನ್ನು ಮೊತ್ತಮೊದಲು ಪಾಲಕೀಯ ಸೇವೆಯಲ್ಲಿ ಬಳಸಿದವರಲ್ಲಿ ಫಿಸ್ಟರ್ ಒಬ್ಬರು. ಫ್ರಾಯ್ಡ್ ಅವರನ್ನು ಓದದೆಯೇ ತಳ್ಳಿಹಾಕುವ ದೇವಶಾಸ್ತ್ರದ ವಿದ್ಯಾರ್ಥಿಗೆ ಈ ಪತ್ರಗಳನ್ನು ಓದುವಂತೆ ನಾವು ಹೇಳುತ್ತೇವೆ.

ಕಾರ್ಲ್ ಯೂಂಗ್ ಅವರು ಸಭಾಪಾಲಕರೊಬ್ಬರ ಮಗ. ಅವರ ವಿಶಾಲ ವಿಚಾರಗಳಲ್ಲಿ ನಮಗೆ ಇಲ್ಲಿ ಬೇಕಾದದ್ದು ಎರಡು ಮಾತ್ರ: ಲೋಕಕ್ಕೆ ತೋರಿಸುವ ಮುಖವಾಡ, ಅದರ ಹಿಂದೆ ನಾವು ಒಪ್ಪಿಕೊಳ್ಳದೆ ತಳ್ಳಿಟ್ಟ ನೆರಳು. ಸಭೆಯಲ್ಲಿ ಪವಿತ್ರನೆನಿಸಿಕೊಳ್ಳುವ ಮುಖವಾಡ ಬಿಗಿಯಾದಷ್ಟೂ ನೆರಳು ಉದ್ದವಾಗುತ್ತದೆ, ಅದು ಕೊನೆಗೆ ಪಕ್ಕದ ಮನೆಯವನ ಮೇಲೆ ಬೀಳುತ್ತದೆ. ನಮ್ಮ ಕಣ್ಣಿನ ತೊಲೆಯನ್ನು ಕುರಿತು ಯೇಸು ಸ್ವಾಮಿಯು ಹೇಳಿದ ಮಾತಿಗೆ ಇದಕ್ಕಿಂತ ಉತ್ತಮ ವ್ಯಾಖ್ಯಾನವನ್ನು ಮನಶ್ಶಾಸ್ತ್ರ ಕೊಟ್ಟಿರಲಾರದು.

ನಮ್ಮ ಪ್ರಶ್ನೆಗೆ ನೇರವಾಗಿ ಕೈಹಾಕಿದವರು ಆಲ್ಫ್ರೆಡ್ ಆಡ್ಲರ್. ಅಸ್ಥಿದೌರ್ಬಲ್ಯದಿಂದ ನರಳಿದ, ನ್ಯುಮೋನಿಯಾದಿಂದ ಸಾವಿನಂಚಿಗೆ ಹೋಗಿ ಬಂದ ಬಾಲ್ಯ ಅವರದು. 1911ರಲ್ಲಿ ಫ್ರಾಯ್ಡ್ ಅವರಿಂದ ಬೇರೆಯಾದ ಮೇಲೆ ಅವರು ಕಟ್ಟಿದ ಸಿದ್ಧಾಂತದಲ್ಲಿ ಲೈಂಗಿಕ ಬಯಕೆಯ ಸ್ಥಾನವನ್ನು ಕೊರತೆಯ ಅನುಭವ ಪಡೆಯಿತು. ದೊಡ್ಡವರ ಲೋಕದಲ್ಲಿ ಚಿಕ್ಕದಾಗಿ ಹುಟ್ಟುವ ಪ್ರತಿಯೊಂದು ಮಗುವಿಗೂ ತಾನು ಸಾಲದೆಂಬ ಅರಿವು ಇದ್ದೇ ಇರುತ್ತದೆ. ಆ ಅರಿವೇ ಅದನ್ನು ಮೇಲಕ್ಕೆ ತಳ್ಳುತ್ತದೆ. ಉತ್ತೇಜನ ಸಿಕ್ಕದಾಗ, ಇಲ್ಲವೇ ಅತಿಮುದ್ದಿನಿಂದ ಕೆಟ್ಟಾಗ, ಆ ಅರಿವು ಗಂಟುಗಟ್ಟಿ ಇಂದು ನಾವು ಕೀಳರಿಮೆ ಎನ್ನುವ ಸ್ಥಿತಿಯಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಅವರ ಮುಂದಿನ ಹೆಜ್ಜೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ: ಮೇಲರಿಮೆಯೆಂಬುದು ಬಹುತೇಕ ಕೀಳರಿಮೆಯ ಹೊದಿಕೆ. ಎದೆ ಸೆಟೆಸಿ ನಡೆಯುವವನ ಒಳಗೆ ನಡುಗುವ ಮಗುವಿದೆ. ಹಾಗಾದರೆ ನಾವು ಗರ್ವವೆಂದು ಖಂಡಿಸುವುದರ ಬೇರು ಗರ್ವದಲ್ಲಿ ಇಲ್ಲದಿರಬಹುದು. ಗುಣದ ದಾರಿಯೆಂದು ಆಡ್ಲರ್ ತೋರಿಸಿದ್ದು ಸಮುದಾಯಭಾವವನ್ನು, ಪರರ ಹಿತದಲ್ಲಿ ತನ್ನ ಪಾಲನ್ನು ಕಾಣುವ ಶಕ್ತಿಯನ್ನು. 1933ರಲ್ಲಿ ಅವರು ಎರ್ನ್ಸ್ಟ್ ಯಾನ್ ಎಂಬ ಜರ್ಮನ್ ಲೂಥರನ್ ಸಭಾಪಾಲಕರೊಂದಿಗೆ ಧರ್ಮ ಮತ್ತು ಮನಶ್ಶಾಸ್ತ್ರದ ಸಂಬಂಧವನ್ನು ಕುರಿತು ಒಂದು ಪುಸ್ತಕವನ್ನೇ ಹೊರತಂದರು.

ಕಲಿತ ವರ್ತನೆ, ಅಳೆದ ಗುಣ

ವರ್ತನಾವಾದಿಗಳ ಬಳಿ ನಾವು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಮ್ಮ ಪ್ರಶ್ನೆಯೇ ಅವರಿಗೆ ಅರ್ಥಹೀನವೆನಿಸುತ್ತಿತ್ತು. ಬಿ. ಎಫ್. ಸ್ಕಿನ್ನರ್ ಅವರ ಮತದಲ್ಲಿ ವ್ಯಕ್ತಿತ್ವವೆಂಬುದು ಪ್ರತಿಫಲಗಳಿಂದ ರೂಪುಗೊಂಡ ವರ್ತನೆಗಳ ಒಟ್ಟು ಮೊತ್ತ. 1971ರಲ್ಲಿ ಅವರು ಸ್ವಾತಂತ್ರ್ಯ, ಘನತೆ ಎಂಬ ಮಾತುಗಳನ್ನೇ ದಾಟಿ ಹೋಗಬೇಕೆಂದು ಬರೆದರು. ಪಶ್ಚಾತ್ತಾಪಕ್ಕೆ ಅಲ್ಲಿ ಎಡೆಯಿಲ್ಲ, ಕ್ಷಮೆಗೂ ಇಲ್ಲ. ಆದರೆ ಪ್ರೆಸ್ಬಿಟೇರಿಯನ್ ಮನೆತನದಲ್ಲಿ ಬೆಳೆದ ಇವರಿಗೆ ಅಜ್ಜಿಯೊಬ್ಬರು ಒಲೆಯ ಕೆಂಡವನ್ನು ತೋರಿಸಿ ನರಕದ ಪಾಠ ಹೇಳಿದ್ದರು ಎಂಬುದನ್ನು ಅವರೇ ದಾಖಲಿಸಿದ್ದಾರೆ. ದಂಡನೆಯಿಂದ ಒಳ್ಳೆಯದನ್ನು ಕಲಿಸಲಾಗದು, ಅಡಗಿಕೊಳ್ಳುವುದನ್ನು ಮಾತ್ರ ಕಲಿಸಬಹುದು ಎಂಬ ಅವರ ನಿಲುವನ್ನು ನಮ್ಮ ಭಾನುವಾರದ ಶಾಲೆಗಳು ಕಿವಿಗೊಟ್ಟು ಕೇಳಬಹುದಿತ್ತು. ಆಲ್ಬರ್ಟ್ ಬಂಡೂರ ಅವರು ಈ ಚೌಕಟ್ಟನ್ನು ಹಿಗ್ಗಿಸಿ, ಮಕ್ಕಳು ತಮಗೆ ದೊರೆತ ಪ್ರತಿಫಲದಿಂದ ಮಾತ್ರವಲ್ಲದೆ ಇತರರನ್ನು ನೋಡಿಯೂ ಕಲಿಯುತ್ತಾರೆಂದು ತೋರಿಸಿದರು. ತನ್ನಿಂದ ಇದು ಆಗುತ್ತದೆಂಬ ಭರವಸೆ ಹೇಗೆ ಹುಟ್ಟುತ್ತದೆ ಎಂಬುದನ್ನು 1977ರ ಬಳಿಕ ಅವರು ವಿಶೇಷವಾಗಿ ಅಭ್ಯಸಿಸಿದರು. ತನ್ನ ತಂದೆ ಧಣಿಯ ಮುಂದೆ ಕೈಕಟ್ಟಿ ನಿಲ್ಲುವುದನ್ನು ದಿನವೂ ಕಂಡ ಮಗುವಿಗೆ ತನ್ನ ಬೆಲೆಯೆಷ್ಟೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಗುಣಲಕ್ಷಣ ಸಿದ್ಧಾಂತಿಗಳದು ಅಳತೆಯ ದಾರಿ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್ಬರ್ಟ್ ಇವರು ಒಂದು ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಮನುಷ್ಯರ ಸ್ವಭಾವ ಮತ್ತು ನಡತೆಗಳನ್ನು ಹೇಳುವ ಸುಮಾರು 18,000 ಪದಗಳನ್ನು ಪಟ್ಟಿಮಾಡಿದರು. ಮುಂದಿನವರು ಅಂಕಿಸಂಖ್ಯಾಶಾಸ್ತ್ರದ ಜರಡಿಯಲ್ಲಿ ಅವನ್ನು ಸೋಸಿದಾಗ ಐದು ಗುಣಗಳು ಉಳಿದವು: ಹೊಸತಿಗೆ ತೆರೆದ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಭಾವನೆಗಳ ಏರಿಳಿತ. ಇಂದಿನ ಸಂಶೋಧನೆಯಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವುದು ಈ ಪಂಚಗುಣಗಳ ಮಾದರಿಯೇ. ಬೇರೆ ಭಾಷೆಗಳ ಪದಗಳನ್ನೂ ಇದೇ ರೀತಿ ಪರೀಕ್ಷಿಸಿದಾಗ ಆರನೆಯದೊಂದು ಮೇಲೆದ್ದಿತು. ಮೈಕೆಲ್ ಆಷ್ಟನ್ ಮತ್ತು ಕಿಬಿಯೊಂ ಲೀ ಅದನ್ನು ಪ್ರಾಮಾಣಿಕತೆ–ವಿನಯ ಎಂದು ಕರೆದರು. ವಿನಯವು ಅಳೆಯಬಹುದಾದ ಗುಣವಾಯಿತೆಂದು ನಾವು ಸಂತೋಷಪಡಬಹುದು. ಆದರೆ ಒಬ್ಬ ಮನುಷ್ಯ ತನ್ನ ಬಗ್ಗೆ ಸಣ್ಣದಾಗಿ ಮಾತನಾಡುವುದು ವಿನಯದಿಂದಲೋ ಭಯದಿಂದಲೋ ಎಂಬುದನ್ನು ಪ್ರಶ್ನಾವಳಿಯ ಅಂಕದಿಂದ ತಿಳಿಯುವುದು ಕಷ್ಟ.

ಆಲ್‌ಪೋರ್ಟ್ ಅವರನ್ನು ಇಷ್ಟಕ್ಕೇ ಬಿಡುವುದು ಅನ್ಯಾಯವಾದೀತು. ಪದಗಳನ್ನು ಎಣಿಸಿದ ಇವರೇ ವ್ಯಕ್ತಿಯು ಎಣಿಕೆಗೆ ಸಿಕ್ಕುವವನಲ್ಲವೆಂದು ಜೀವಮಾನವಿಡೀ ವಾದಿಸಿದರು. ಬಾಲ್ಯದ ಮನಸ್ಸಾಕ್ಷಿ ‘ಮಾಡಲೇಬೇಕು, ಇಲ್ಲದಿದ್ದರೆ ಪೆಟ್ಟು’ ಎನ್ನುತ್ತದೆ. ಪಕ್ವವಾದ ಮನಸ್ಸಾಕ್ಷಿ ‘ಇದನ್ನು ಮಾಡುವುದು ನನಗೆ ತಕ್ಕದ್ದು’ ಎನ್ನುತ್ತದೆ. ಮೊದಲನೆಯದನ್ನು ಮಾತ್ರ ಫ್ರಾಯ್ಡ್ ಕಂಡರು, ಎರಡನೆಯದನ್ನು ಕಾಣಲಿಲ್ಲ ಎಂಬುದು ಅವರ ಟೀಕೆಯ ಸಾರ. ಒಳಗಿನ ನ್ಯಾಯಾಧಿಪತಿಯ ಎಲ್ಲಾ ಮಾತನ್ನೂ ರೋಗವೆಂದು ತಳ್ಳಿಹಾಕುವ ಅಪಾಯದಿಂದ ಈ ಭೇದ ನಮ್ಮನ್ನು ಕಾಯುತ್ತದೆ.

ರೋಜರ್ಸ್ ಎತ್ತಿದ ಆಕ್ಷೇಪ

ಈಗ ನಾವು ಚರ್ಚೆಯ ನಡುಮನೆಗೆ ಬಂದಿದ್ದೇವೆ. ಕಾರ್ಲ್ ರೋಜರ್ಸ್ ಅವರು ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಮನೆಯಲ್ಲಿ ಬೆಳೆದು, 1922ರಲ್ಲಿ ಜಾಗತಿಕ ಕ್ರೈಸ್ತ ವಿದ್ಯಾರ್ಥಿ ಸಮ್ಮೇಳನಕ್ಕೆಂದು ಪೀಕಿಂಗ್‌ಗೆ ಹೋಗಿ, ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಎರಡು ವರ್ಷ ದೇವಶಾಸ್ತ್ರ ಓದಿ, ಬಳಿಕ ಮನಶ್ಶಾಸ್ತ್ರಕ್ಕೆ ತಿರುಗಿದವರು. ಪಾದ್ರಿಯಾಗಬೇಕಾಗಿದ್ದವರು ಆಪ್ತಸಲಹೆಗಾರರಾದರು, ಇಂದು ಸೆಮಿನರಿಗಳಲ್ಲಿ ಆಪ್ತಸಲಹೆಯನ್ನು ಕಲಿಸುವಾಗ ಅವರ ಹೆಸರು ಬಾರದೆ ಇರುವುದಿಲ್ಲ.

ಅವರ ಸಿದ್ಧಾಂತ ಸರಳವಾಗಿದೆ. ಮಗುವಿಗೆ ಪ್ರೀತಿ ಬೇಕು. ಪ್ರೀತಿ ಷರತ್ತಿನ ಮೇಲೆ ದೊರೆಯುವುದೆಂದು ಅದು ಬೇಗನೆ ಕಲಿಯುತ್ತದೆ. ‘ಅಳದಿದ್ದರೆ ಜಾಣ’, ‘ಮೊದಲ ಸ್ಥಾನ ಬಂದರೆ ನಮ್ಮ ಮಗ’, ‘ಎದುರು ಮಾತಾಡದಿದ್ದರೆ ಒಳ್ಳೆಯ ಹುಡುಗಿ’. ಈ ಷರತ್ತುಗಳಿಗೆ ಹೊಂದದ ತನ್ನ ಅನುಭವಗಳನ್ನೆಲ್ಲ ಮಗು ತನ್ನದಲ್ಲವೆಂದು ತಳ್ಳುತ್ತಾ ಹೋಗುತ್ತದೆ. ದೊಡ್ಡವನಾಗುವ ಹೊತ್ತಿಗೆ ತಾನೆಂದು ತಿಳಿದುಕೊಂಡದ್ದಕ್ಕೂ ತಾನು ನಿಜವಾಗಿ ಅನುಭವಿಸುವುದಕ್ಕೂ ನಡುವೆ ಬಿರುಕು ಬಿದ್ದಿರುತ್ತದೆ. ಷರತ್ತಿಲ್ಲದೆ ತನ್ನನ್ನು ಬೆಲೆಯುಳ್ಳವನೆಂದು ಕಾಣುವ, ತನ್ನ ನೋವನ್ನು ಒಳಗಿನಿಂದ ಅರಿಯುವ, ತೋರಿಕೆಯಿಲ್ಲದ ಒಬ್ಬ ಮನುಷ್ಯನ ಸಂಗದಲ್ಲಿ ಆ ಬಿರುಕು ಮೆಲ್ಲಗೆ ಕೂಡುತ್ತದೆ. ಕೃಪೆಯ ಬೋಧನೆಯನ್ನು ದೇವರ ಹೆಸರಿಲ್ಲದೆ ಹೇಳಿದಂತಿದೆ ಎಂದು ಅನೇಕರಿಗೆ ಅನಿಸಿದ್ದು ಸಹಜವೇ.

1956ರ ಜನವರಿಯಲ್ಲಿ ರೋಜರ್ಸ್ ಅವರು ಶಿಕಾಗೋ ಸೆಮಿನರಿಯೊಂದರ ಪತ್ರಿಕೆಯಲ್ಲಿ ನೀಬೂರ್ ಅವರ ಆಗಿನ ಹೊಸ ಗ್ರಂಥವೊಂದನ್ನು ವಿಮರ್ಶಿಸಿದರು. ಮನುಷ್ಯನ ಮೂಲ ಪಾಪ ಅತಿಯಾದ ಆತ್ಮಪ್ರೀತಿಯೆಂಬ ಮಾತನ್ನು ತಮ್ಮ ಅನುಭವ ಒಪ್ಪುವುದಿಲ್ಲವೆಂದು ಅವರು ಬರೆದರು. ತಮ್ಮ ಬಳಿಗೆ ಬಂದವರಲ್ಲಿ ಬಹುಪಾಲು ಜನರ ಕಷ್ಟದ ತಿರುಳು ಅವರು ತಮ್ಮನ್ನು ತಾವೇ ತಿರಸ್ಕರಿಸುವುದು, ತಾವು ಯಾವ ಬೆಲೆಯೂ ಇಲ್ಲದವರು, ಪ್ರೀತಿಗೆ ಅನರ್ಹರು ಎಂದು ನಂಬಿರುವುದು ಎಂದರು. ಇದು ಕೇವಲ ಇಬ್ಬರು ವಿದ್ವಾಂಸರ ಭಿನ್ನಾಭಿಪ್ರಾಯವಲ್ಲ. ಒಬ್ಬರು ಅಧಿಕಾರದ ಅಂಗಳವನ್ನೂ ಚರಿತ್ರೆಯನ್ನೂ ನೋಡುತ್ತಿದ್ದರು, ಇನ್ನೊಬ್ಬರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಳುವವರ ಮಾತನ್ನು ಕೇಳುತ್ತಿದ್ದರು. ಕಂಡದ್ದನ್ನೇ ಇಬ್ಬರೂ ಹೇಳಿದರು.

ಮರುವರ್ಷ, 1957ರ ಏಪ್ರಿಲ್ 18ರಂದು, ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಯೆಹೂದ್ಯ ತತ್ವಜ್ಞಾನಿ ಮಾರ್ಟಿನ್ ಬೂಬರ್ ಅವರೊಂದಿಗೆ ರೋಜರ್ಸ್ ಅವರ ಸಂವಾದ ನಡೆಯಿತು. ಬೂಬರ್ ಅವರ ಆಕ್ಷೇಪವು ನೀಬೂರ್ ಅವರದಕ್ಕಿಂತ ಸೂಕ್ಷ್ಮವಾದದ್ದು. ಒಬ್ಬನನ್ನು ಅವನು ಇರುವಂತೆಯೇ ಅಂಗೀಕರಿಸುವುದು ಆರಂಭ ಮಾತ್ರ. ಅವನು ಏನಾಗಲೆಂದು ಸೃಷ್ಟಿಸಲ್ಪಟ್ಟನೋ ಅದನ್ನು ಅವನಲ್ಲಿ ಕಂಡು ದೃಢಪಡಿಸುವುದು ಇನ್ನೊಂದು. ಅದಕ್ಕಾಗಿ ಕೆಲವೊಮ್ಮೆ ಅವನ ಪರವಾಗಿ ಅವನೊಡನೆಯೇ ಹೋರಾಡಬೇಕಾಗುತ್ತದೆ ಎಂಬುದು ಅವರ ನಿಲುವು. ಯಾಬೋಕ್ ಹೊಳೆಯ ದಡದಲ್ಲಿ ರಾತ್ರಿಯಿಡೀ ಹೋರಾಡಿ ಹೊಸ ಹೆಸರನ್ನು ಪಡೆದ ಯಾಕೋಬನ ಕಥೆಯನ್ನು ಬಲ್ಲವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ರೋಜರ್ಸ್ ಅವರ ಬೋಧನೆಯಲ್ಲಿ ನಮಗೆ ಕೊರತೆಯೆನಿಸುವುದೂ ಇಲ್ಲಿಯೇ. ಅಂಗೀಕಾರ ಅವರಲ್ಲಿ ಧಾರಾಳವಾಗಿದೆ, ಕರೆ ಇಲ್ಲ. ನೊಂದವನಿಗೆ ಅವರ ದಾರಿ ಹಿತವಾಗಿದೆ. ನೋಯಿಸಿದವನು ಬಂದು ಕುಳಿತಾಗ ಅದು ಸಾಲದು.

ಒಂದೇ ನಾಣ್ಯದ ಎರಡು ಮುಖ

ನೀಬೂರ್ ಸರಿಯೋ ರೋಜರ್ಸ್ ಸರಿಯೋ ಎಂದು ಕೇಳುವ ಮೊದಲು ಕಾರೆನ್ ಹಾರ್ನೈ ಅವರನ್ನು ಓದುವುದು ಒಳ್ಳೆಯದು. ಜರ್ಮನಿಯಲ್ಲಿ ಹುಟ್ಟಿ 1932ರಲ್ಲಿ ಅಮೆರಿಕಕ್ಕೆ ಹೋದ ಈ ವೈದ್ಯೆ 1950ರಲ್ಲಿ ಪ್ರಕಟಿಸಿದ ತಮ್ಮ ಕೊನೆಯ ಮಹತ್ವದ ಗ್ರಂಥದಲ್ಲಿ ಈ ಗಂಟನ್ನು ಬಹುಮಟ್ಟಿಗೆ ಬಿಡಿಸಿದ್ದಾರೆಂಬುದು ನಮ್ಮ ಅಭಿಪ್ರಾಯ. ಭದ್ರತೆಯಿಲ್ಲದೆ ಬೆಳೆದ ಮಗು ತನ್ನನ್ನು ಉಳಿಸಿಕೊಳ್ಳಲು ತನ್ನದೊಂದು ಆದರ್ಶ ಪ್ರತಿಮೆಯನ್ನು ಕಲ್ಪಿಸಿಕೊಳ್ಳುತ್ತದೆ: ಎಂದೂ ಸಿಟ್ಟಾಗದ ಸಂತ, ಎಂದೂ ಸೋಲದ ವೀರ, ಯಾರ ಹಂಗೂ ಬೇಡದ ವಿರಕ್ತ. ಆಮೇಲೆ ಆ ಪ್ರತಿಮೆಯೇ ಯಜಮಾನನಾಗಿ, ‘ಹೀಗಿರಬೇಕು, ಹಾಗಿರಬೇಕು’ ಎಂದು ಆಳತೊಡಗುತ್ತದೆ. ನಿಜವಾದ ತಾನು ಆ ಪ್ರತಿಮೆಯ ಎತ್ತರಕ್ಕೆ ಎಂದೂ ಮುಟ್ಟಲಾರದು. ಆದ್ದರಿಂದ ಅದನ್ನು ಹೇಸುವುದು ಅನಿವಾರ್ಯವಾಗುತ್ತದೆ. ಪ್ರತಿಮೆಯ ಕಡೆಯಿಂದ ನೋಡಿದರೆ ಗರ್ವ, ತನ್ನ ಕಡೆಯಿಂದ ನೋಡಿದರೆ ತಿರಸ್ಕಾರ. ಇವೆರಡೂ ಬೇರೆ ಬೇರೆ ರೋಗಗಳಲ್ಲವೆಂದು ಹಾರ್ನೈ ತೋರಿಸಿದರು. ಕೆಲವರು ಗರ್ವವನ್ನು ಹೊರಗೆ ತೋರಿ ತಿರಸ್ಕಾರವನ್ನು ಬಚ್ಚಿಡುತ್ತಾರೆ. ಕೆಲವರು ಸದಾ ತಲೆಬಾಗಿ ನಡೆದು, ತಮ್ಮಷ್ಟು ಸಹನಶೀಲರು ಯಾರೂ ಇಲ್ಲವೆಂಬ ಗರ್ವವನ್ನು ಒಳಗೆ ಸಾಕುತ್ತಾರೆ. ಸಭೆಯಲ್ಲಿ ಎರಡನೆಯ ಬಗೆಯವರನ್ನು ನಾವು ಬಹುಬೇಗ ಭಕ್ತರೆಂದು ಹೊಗಳಿಬಿಡುತ್ತೇವೆ.

ಕೀರ್ಕೆಗಾರ್ಡನು 1849ರಲ್ಲಿಯೇ, ಹತಾಶೆಯನ್ನು ಕುರಿತ ತನ್ನ ಗ್ರಂಥದಲ್ಲಿ, ತಾನು ತಾನಾಗಿರಲು ಒಲ್ಲದ ದೌರ್ಬಲ್ಯವನ್ನೂ ದೇವರನ್ನು ಬಿಟ್ಟು ತಾನೇ ತಾನಾಗುತ್ತೇನೆಂಬ ಉದ್ಧಟತನವನ್ನೂ ಒಂದೇ ರೋಗದ ಎರಡು ರೂಪಗಳೆಂದು ವರ್ಣಿಸಿದ್ದನು. ಹಾರ್ನೈ ಅವರಲ್ಲಿ ಇಲ್ಲದ ಒಂದು ಅಂಶ ಅವನಲ್ಲಿದೆ: ತನ್ನನ್ನು ನಿಲ್ಲಿಸಿದಾತನ ಮುಂದೆ ಪಾರದರ್ಶಕವಾಗಿ ನಿಂತಾಗಲೇ ಮನುಷ್ಯನು ತಾನಾಗುತ್ತಾನೆ.

ಆದರೂ ರೋಗ ಒಂದೇ ಆದ ಮಾತ್ರಕ್ಕೆ ಅದು ಎಲ್ಲರಲ್ಲೂ ಒಂದೇ ರೂಪದಲ್ಲಿ ಕಾಣುವುದಿಲ್ಲ, ಯಾರಲ್ಲಿ ಯಾವ ರೂಪ ಎಂಬುದು ಕೇವಲ ವೈಯಕ್ತಿಕ ಸ್ವಭಾವದ ವಿಷಯವೂ ಅಲ್ಲ. 1960ರಲ್ಲಿ ವ್ಯಾಲರಿ ಸೇವಿಂಗ್ ಅವರು ಬರೆದ ಒಂದು ಸಣ್ಣ ಪ್ರಬಂಧ ಈ ಕಾರಣಕ್ಕಾಗಿ ಪ್ರಸಿದ್ಧವಾಯಿತು. ಗರ್ವವೇ ಪಾಪವೆಂದು ಬೋಧಿಸಿದ ದೇವಶಾಸ್ತ್ರಜ್ಞರೆಲ್ಲ ಗಂಡಸರು, ಅವರು ವರ್ಣಿಸಿದ್ದು ಗಂಡಸಿನ ಅನುಭವ. ಪರರಿಗಾಗಿ ಸವೆಯುತ್ತಾ ತನ್ನತನವನ್ನೇ ಕಟ್ಟಿಕೊಳ್ಳದೆ ಹೋಗುವುದು ಸ್ತ್ರೀಯರ ಎದುರಿಗಿರುವ ಶೋಧನೆ ಎಂದು ಆಕೆ ವಾದಿಸಿದರು. ಅಂಥ ಸ್ತ್ರೀಗೆ ಸ್ವಾರ್ಥವನ್ನು ಬಿಡೆಂದು ಉಪದೇಶಿಸುವುದು ಅವಳ ರೋಗಕ್ಕೇ ನೀರೆರೆದಂತೆ.

ನಮ್ಮ ನೆಲದಲ್ಲಿ ಈ ಪ್ರಶ್ನೆಗೆ ಇನ್ನೂ ಗಾಢವಾದ ಬಣ್ಣವಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ್ ಪಿ. ನಿರ್ಮಲ್ ಅವರು ಮಾಡಿದ ಉಪನ್ಯಾಸದಿಂದ ದಲಿತ ದೇವಶಾಸ್ತ್ರದ ಚಿಂತನೆ ಮೊದಲಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ನೋವಿನ ಅನುಭವವೇ ದೇವರನ್ನು ಅರಿಯುವ ದಾರಿಯೆಂದು ಒತ್ತಿಹೇಳಿದ ಆ ಚಿಂತನೆಗೂ ವ್ಯಕ್ತಿತ್ವದ ಸಿದ್ಧಾಂತಗಳಿಗೂ ನೇರ ಸಂಬಂಧವಿಲ್ಲ. ಆದರೆ ತಲೆಮಾರುಗಳಿಂದ ಹೀನನೆಂದು ಹೇಳಿಸಿಕೊಂಡವನ ಒಳಗೆ ಆ ಮಾತು ಅವನದೇ ದನಿಯಾಗಿ ಕುಳಿತುಕೊಳ್ಳುವ ಬಗೆಯನ್ನು ಅರಿಯದೆ, ಭಾರತದ ಸಭೆಯಲ್ಲಿ ಪಾಪವನ್ನು ಬೋಧಿಸುವುದು ಸಾಧ್ಯವಿಲ್ಲ. ನಮ್ಮ ಊರುಗಳಲ್ಲಿ ‘ಸೊಕ್ಕು’ ಎಂಬ ಆರೋಪ ಯಾರ ಮೇಲೆ ಬರುತ್ತದೆಂಬುದನ್ನು ಗಮನಿಸಿದರೆ ಸಾಕು. ಧಣಿಗೆ ಸೊಕ್ಕೆಂದು ಗಟ್ಟಿಯಾಗಿ ಹೇಳುವವರು ವಿರಳ. ಒಗೆದ ಅಂಗಿ ತೊಟ್ಟು ತಲೆಯೆತ್ತಿ ನಡೆದ ಕೂಲಿಯವನ ಮಗನಿಗೆ ಸೊಕ್ಕು ಬಂದಿದೆ. ಗರ್ವದ ವಿರುದ್ಧ ಮಾಡಿದ ಪ್ರಸಂಗವನ್ನು ಇವರಿಬ್ಬರೂ ಒಂದೇ ದೇವಾಲಯದಲ್ಲಿ ಕುಳಿತು ಕೇಳುವಾಗ, ಅದು ಯಾರಿಗೆ ತಾಗುತ್ತದೆ?

ಕನ್ನಡದಲ್ಲಿ ದೀನತೆ, ದೈನ್ಯ ಎಂಬೆರಡು ಪದಗಳು ಒಂದೇ ಬೇರಿನಿಂದ ಬಂದಿವೆ. ಸಭೆಯ ಬಳಕೆಯಲ್ಲಿ ದೀನತೆ ಒಂದು ಸದ್ಗುಣ, ಲೋಕದ ಬಳಕೆಯಲ್ಲಿ ದೈನ್ಯ ಒಂದು ದುಸ್ಥಿತಿ. ಒಂದನ್ನು ಬೋಧಿಸುತ್ತಾ ಇನ್ನೊಂದನ್ನು ಬೆಳೆಸುವುದು ಬಹಳ ಸುಲಭ. ಸತ್ಯವೇದ ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದೆ. ಉರಿಯುವ ಪೊದೆಯ ಮುಂದೆ ಮೋಶೆ ತನ್ನ ಅಯೋಗ್ಯತೆಯನ್ನು ಮತ್ತೆ ಮತ್ತೆ ಹೇಳಿಕೊಂಡಾಗ ದೇವರು ಅದನ್ನು ವಿನಯವೆಂದು ಮೆಚ್ಚಲಿಲ್ಲ, ಕೋಪಗೊಂಡನು. ತಾನಿನ್ನೂ ಬಾಲಕನೆಂದ ಯೆರೆಮೀಯನಿಗೆ ಹಾಗೆನ್ನಬೇಡವೆಂದು ಅಪ್ಪಣೆಯಾಯಿತು. ಕಾನಾನಿನ ಎತ್ತರದ ಜನರನ್ನು ಕಂಡು ತಾವು ಮಿಡತೆಗಳೆಂದು ಭಾವಿಸಿಕೊಂಡ ಗೂಢಚಾರರ ಮಾತನ್ನು ಅರಣ್ಯಕಾಂಡ ಅವಿಶ್ವಾಸವೆಂದೇ ಎಣಿಸಿತು.

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಹದಿನೆಂಟು ವರ್ಷ ಬೆನ್ನು ಬಾಗಿ ನಡೆದ ಒಬ್ಬ ಸ್ತ್ರೀ ಇದ್ದಾಳೆ. ಲೂಥರನ ಪಾಪಿಯೂ ಬಾಗಿದವನೇ. ಹೊರಗಿನಿಂದ ನೋಡಿದರೆ ಎರಡೂ ಬಾಗುವಿಕೆ ಒಂದೇ ತೆರ. ಒಬ್ಬನು ತನ್ನ ಕಡೆಗೇ ಬಾಗಿದ್ದಾನೆ, ಒಬ್ಬಳನ್ನು ಬೇರೊಂದು ಭಾರ ಬಾಗಿಸಿದೆ. ಯೇಸು ಸ್ವಾಮಿಯು ಆ ಸ್ತ್ರೀಯಿಂದ ಪಾಪನಿವೇದನೆಯನ್ನು ಕೇಳಲಿಲ್ಲ. ಆಕೆಯನ್ನು ಕರೆದು, ಕೈಯಿಟ್ಟು, ನೆಟ್ಟಗೆ ನಿಲ್ಲಿಸಿ, ಸಭಾಮಂದಿರದ ನಡುವೆ ಅಬ್ರಹಾಮನ ಮಗಳೆಂದನು. ಅದೇ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ತನ್ನ ಉಪವಾಸವನ್ನು ದೇವರಿಗೆ ಲೆಕ್ಕ ಒಪ್ಪಿಸುವ ಫರಿಸಾಯನಿಗೆ ಇಂಥ ಉಪಚಾರ ದೊರೆಯಲಿಲ್ಲ.

ಆಲಿಸುವವರ ಕೆಲಸ

ಇದೆಲ್ಲದರಿಂದ ಪಾಲಕರ ಕೆಲಸ ಹಗುರವಾಗುವುದಿಲ್ಲ. ತನ್ನ ಬಳಿ ಬಂದವರು ಯಾವ ಬಗೆಯಲ್ಲಿ ಬಾಗಿದ್ದಾರೆಂದು ತಿಳಿಯಲು ಅವರ ಮಾತನ್ನು ಬಹಳ ಹೊತ್ತು ಕೇಳಬೇಕು, ಅದೂ ತೀರ್ಪಿನ ಆತುರವಿಲ್ಲದೆ. ಕುಡಿದು ಬಂದು ಹೊಡೆಯುವ ಗಂಡನನ್ನು ಕುರಿತು ಹೇಳುತ್ತಾ, ತನ್ನಲ್ಲೇ ಏನೋ ತಪ್ಪಿದೆಯೆನ್ನುವ ಹೆಂಡತಿಗೆ ತಾಳ್ಮೆಯ ವಾಕ್ಯಗಳನ್ನು ಓದಿ ಹೇಳುವುದು ಪಾಲಕೀಯ ಸೇವೆಯಲ್ಲ. ಅದೇ ಗಂಡನು ಬಂದು ತನ್ನ ಬಾಲ್ಯದ ನೋವನ್ನು ವರ್ಣಿಸಿದಾಗ, ಆ ನೋವು ನಿಜವೇ ಆಗಿದ್ದರೂ, ಅವನು ಎತ್ತಿದ ಕೈ ಅವನದೇ ಎಂಬುದನ್ನು ಮರೆಯದೆ ಆಲಿಸಬೇಕು. ಆಡ್ಲರ್ ಅವರಿಂದ ಕಾರಣವನ್ನು ತಿಳಿಯಬಹುದು. ಕಾರಣವು ಕ್ಷಮೆಯ ಸ್ಥಾನವನ್ನು ತುಂಬಲಾರದು.

ಇನ್ನೊಂದು ಬಗೆಯವರೂ ಪಾಲಕರ ಬಳಿಗೆ ಬರುತ್ತಾರೆ. ಪವಿತ್ರಾತ್ಮನ ವಿರುದ್ಧವಾದ, ಕ್ಷಮೆಯಿಲ್ಲದ ಪಾಪವನ್ನು ತಾನು ಮಾಡಿದ್ದೇನೆಂದು ನಂಬಿ, ನಿದ್ರೆಯಿಲ್ಲದೆ, ಊಟ ಸೇರದೆ, ಯಾವ ವಾಕ್ಯವನ್ನು ತೋರಿಸಿದರೂ ಸಮಾಧಾನ ಹೊಂದದೆ ದಿನಗಳನ್ನು ಕಳೆಯುವವರು. ತೀವ್ರ ಖಿನ್ನತೆಯಲ್ಲಿ ಇಂಥ ನಂಬಿಕೆ ಹುಟ್ಟುವುದು ವೈದ್ಯರಿಗೆ ಚೆನ್ನಾಗಿ ತಿಳಿದಿರುವ ಸಂಗತಿ. ಇಲ್ಲಿ ಪಾಪವನ್ನು ಕೆದಕಿ ಕೇಳುವುದು ಅಪಾಯಕರ, ಸಾಯುವ ಮಾತು ಬಂದರಂತೂ ಒಂದು ದಿನವನ್ನೂ ಕಳೆಯಬಾರದು. ಮನೆಯವರನ್ನು ಜೊತೆಗೆ ಕರೆದುಕೊಂಡು ಮನೋವೈದ್ಯರ ಬಳಿಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯೂ ಜಿಲ್ಲಾ ಆಸ್ಪತ್ರೆಗಳೂ ಇರುವುದು ಇದಕ್ಕಾಗಿಯೇ. ಔಷಧ ಹಿಡಿಯಲು ವಾರಗಳು ಬೇಕಾಗುತ್ತವೆ. ಆ ವಾರಗಳಲ್ಲಿ ಪಾಲಕರು ದೀರ್ಘವಾದ ಪ್ರಾರ್ಥನೆಯನ್ನೂ ವಾದವನ್ನೂ ಬಿಟ್ಟು, ಚಿಕ್ಕದೊಂದು ಕೀರ್ತನೆಯನ್ನು ಓದಿ, ಸುಮ್ಮನೆ ಹತ್ತಿರ ಕುಳಿತು ಬಂದರೆ ಸಾಕು. ಮಾತ್ರೆ ನುಂಗುವುದು ಅವಿಶ್ವಾಸವೆಂದು ನೆರೆಯವರು ಯಾರಾದರೂ ರೋಗಿಗೆ ಹೇಳಿಹೋಗಿದ್ದರೆ, ಅದು ಹಾಗಲ್ಲವೆಂದು ಮನೆಯವರೆಲ್ಲರ ಮುಂದೆ ಸ್ಪಷ್ಟವಾಗಿ ಹೇಳಬೇಕಾದವರೂ ಪಾಲಕರೇ.